ನಮ್ಮ ನೀರು, ಕೆಳಮನೆಯ ಚಾವಣಿ

ಮನೆಯಲ್ಲಿ ಕಾಣಿಸಿಕೊಳ್ಳುವ ದೋಷಗಳಲ್ಲಿ ಹೆಚ್ಚಿನವು ಮೊದಲು ಆ ಮನೆಯವರಿಗೇ ತೊಂದರೆ ಕೊಡುತ್ತವೆ. ಬಾಗಿಲ ಚಿಲಕ ಕೆಟ್ಟರೆ, ದೀಪ ಉರಿಯದಿದ್ದರೆ, ಒಲೆ ಹೊತ್ತದಿದ್ದರೆ ಕಷ್ಟಪಡುವವರು ನಾವೇ. ಆದುದರಿಂದ ಅವುಗಳನ್ನು ನಾವು ಬೇಗನೆ ಸರಿಪಡಿಸಿಕೊಳ್ಳುತ್ತೇವೆ. ಆದರೆ ಇನ್ನೊಂದು ಬಗೆಯ ದೋಷವಿದೆ. ಅದು ಹುಟ್ಟುವುದು ಒಂದು ಮನೆಯಲ್ಲಿ, ನೋಯಿಸುವುದು ಮತ್ತೊಂದು ಮನೆಯನ್ನು. ಮಹಡಿ ಮನೆಯ ಸ್ನಾನದ ಕೋಣೆಯಿಂದ ಸೋರುವ ನೀರು ಇದಕ್ಕೆ ತಕ್ಕ ನಿದರ್ಶನ.

ಒಂದು ಕಟ್ಟಡವನ್ನು ಊಹಿಸಿಕೊಳ್ಳೋಣ. ಎರಡನೆಯ ಮಹಡಿಯ ಮನೆಯಲ್ಲಿ ಎಲ್ಲವೂ ಸರಿಯಾಗಿದೆ. ಷವರಿನಲ್ಲಿ ನೀರು ಧಾರಾಳವಾಗಿ ಬರುತ್ತಿದೆ, ಗೀಸರ್ ಕೆಲಸ ಮಾಡುತ್ತಿದೆ, ಟೈಲ್ಸ್ ಹೊಳೆಯುತ್ತಿವೆ. ಮೊದಲನೆಯ ಮಹಡಿಯ ಮನೆಯ ಚಾವಣಿಯಲ್ಲಿ ಮಾತ್ರ ಅಂಗೈಯಗಲದ ಕಂದು ಕಲೆಯೊಂದು ಮೂಡಿದೆ. ದಿನಗಳು ಕಳೆದಂತೆ ಅದು ತಟ್ಟೆಯಗಲವಾಗುತ್ತದೆ, ಬಣ್ಣ ಬೊಬ್ಬೆಯೆದ್ದು ಉದುರುತ್ತದೆ, ಬೀರುವಿನಲ್ಲಿಟ್ಟ ಬಟ್ಟೆಗಳಿಗೆ ಮುಗ್ಗಲು ವಾಸನೆ ಹತ್ತುತ್ತದೆ. ಕೊನೆಗೆ ಆ ಮನೆಯ ಗೃಹಿಣಿ ಮೆಟ್ಟಿಲೇರಿ ಬಂದು, “ನಿಮ್ಮ ಬಾತ್‌ರೂಮಿನಿಂದ ನೀರು ಸೋರ್ತಾ ಇದೆ ಅಕ್ಕಾ, ಸ್ವಲ್ಪ ನೋಡಿಸ್ತೀರಾ?” ಎಂದು ಕೇಳುತ್ತಾರೆ. “ಇಲ್ಲಿ ಎಲ್ಲೂ ಸೋರ್ತಾ ಇಲ್ವಲ್ಲಮ್ಮಾ, ಬೇಕಾದ್ರೆ ನೀವೇ ಬಂದು ನೋಡಿ” ಎಂಬ ಉತ್ತರ ಬರುತ್ತದೆ.

ಈ ಉತ್ತರದಲ್ಲಿ ಸುಳ್ಳಿಲ್ಲ. ಮೇಲಿನ ಮನೆಯವರು ಯಾರಿಗೂ ಕೇಡು ಬಯಸಿದವರಲ್ಲ. ಕೊಳವೆ ಜೋಡಿಸಿದವರು ಅವರಲ್ಲ. ಸೋರಿಕೆ ಅವರ ಕಣ್ಣಿಗೆ ಬಿದ್ದೂ ಇಲ್ಲ. ಹಾಗಿದ್ದರೂ ಕೆಳಗೆ ಬೀಳುತ್ತಿರುವುದು ಅವರ ಮನೆಯ ನೀರೇ. ನಾನು ಬಯಸದ, ನಾನು ಮಾಡದ, ನನಗೆ ಕಾಣದ ಹಾನಿಗೆ ನಾನು ಹೊಣೆಯೇ? ಸ್ನಾನದ ಕೋಣೆಯ ಒಂದು ಕೊಳವೆ ನಮ್ಮ ಮುಂದಿಡುವ ನೈತಿಕ ಪ್ರಶ್ನೆ ಇದು.

ಬಚ್ಚಲಿನಿಂದ ಬಾತ್‌ರೂಮಿಗೆ

ನಮ್ಮ ಹಿರಿಯರಿಗೆ ಈ ಪ್ರಶ್ನೆ ಈ ರೂಪದಲ್ಲಿ ಎದುರಾಗಿರಲಿಲ್ಲ. ಅಂದಿನ ಬಚ್ಚಲುಮನೆ ಮನೆಯ ಹಿಂಬದಿಯಲ್ಲಿ, ನೆಲದ ಮೇಲೆಯೇ ಇರುತ್ತಿತ್ತು. ಬಾವಿಯಿಂದ ಸೇದಿದ ನೀರನ್ನು ಹಂಡೆಗೆ ತುಂಬಿ, ಕಾಯಿಸಿ, ತಂಬಿಗೆಯಿಂದ ಮೊಗೆದು ಮೀಯುತ್ತಿದ್ದರು. ಮಿಂದ ನೀರು ಸಣ್ಣ ಕಾಲುವೆಯಾಗಿ ಹೊರಗೆ ಹರಿದು ಬಾಳೆಯ ಬುಡವನ್ನೋ ತೆಂಗಿನ ಪಾತಿಯನ್ನೋ ಸೇರುತ್ತಿತ್ತು. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಮನೆಯ ಮಗುವಿಗೂ ತಿಳಿದಿತ್ತು. ಹಂಡೆ ಸೋರಿದರೆ ಒಲೆ ಆರುತ್ತಿತ್ತು. ಅದನ್ನು ಯಾರೂ ಬಂದು ಹೇಳಬೇಕಾಗಿರಲಿಲ್ಲ.

ಇಂದು ಸ್ನಾನದ ಕೋಣೆ ಮಲಗುವ ಕೋಣೆಯ ಪಕ್ಕಕ್ಕೆ ಬಂದಿದೆ, ಮತ್ತೊಬ್ಬರ ತಲೆಯ ಮೇಲಕ್ಕೂ ಏರಿದೆ. ಕೊಳವೆಗಳು ಗೋಡೆಯೊಳಗೆ ಅಡಗಿವೆ. ಬಿಸಿನೀರು ತಣ್ಣೀರುಗಳನ್ನು ಬೆರೆಸುವ ಮಿಕ್ಸರ್, ನೀರನ್ನು ನಲ್ಲಿಯಿಂದ ಷವರಿಗೆ ತಿರುಗಿಸುವ ಡೈವರ್ಟರ್, ನೆಲದೊಳಗಿನ ನಹಾನಿ ಟ್ರ್ಯಾಪ್, ಇತ್ತೀಚೆಗೆ ಕೆಲವು ಮನೆಗಳಲ್ಲಿ ಬಾತ್‌ಟಬ್ ಕೂಡ ಸೇರಿಕೊಂಡಿವೆ. ಸೌಕರ್ಯ ಹೆಚ್ಚಿದಂತೆ ನೀರಿನ ದಾರಿ ಕಣ್ಣಿನಿಂದ ಮರೆಯಾಯಿತು. ಸುಖವೆಲ್ಲ ನಮ್ಮ ಕಡೆ, ಅಪಾಯವೆಲ್ಲ ಟೈಲ್ಸಿನ ಆಚೆ ಕಡೆ ಎಂಬ ವ್ಯವಸ್ಥೆ ನಮಗೆ ಅರಿವಿಲ್ಲದೆಯೇ ಏರ್ಪಟ್ಟಿತು.

ಎರಡು ತೀರ್ಪುಗಳು

ನೀರು ತನ್ನ ಎಲ್ಲೆ ಮೀರಿ ನೆರೆಯವನ ಜಾಗಕ್ಕೆ ನುಗ್ಗಿದಾಗ ಹೊಣೆ ಯಾರದು ಎಂಬ ಪ್ರಶ್ನೆಯನ್ನು ನ್ಯಾಯಾಲಯಗಳು ಬಹಳ ಹಿಂದೆಯೇ ಕೇಳಿಕೊಂಡಿವೆ. ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದಲ್ಲಿ ರೈಲಂಡ್ಸ್ ಎಂಬ ಗಿರಣಿ ಮಾಲೀಕರು ತಮ್ಮ ಗಿರಣಿಗಾಗಿ ಒಂದು ಜಲಾಶಯವನ್ನು ಕಟ್ಟಿಸಿದರು. ಕೆಲಸವನ್ನು ಬಲ್ಲ ಎಂಜಿನಿಯರಿಗೂ ಗುತ್ತಿಗೆದಾರರಿಗೂ ಒಪ್ಪಿಸಿದ್ದರು. ತಳ ತೋಡುವಾಗ ಹಳೆಯ ಗಣಿಯ ಬಾವಿಗಳ ಗುರುತು ಸಿಕ್ಕಿತು. ಕೆಲಸದವರು ಅವನ್ನು ಭದ್ರವಾಗಿ ಮುಚ್ಚಲಿಲ್ಲ. 1860ರ ಡಿಸೆಂಬರಿನಲ್ಲಿ ಜಲಾಶಯ ತುಂಬಿದಾಗ ನೀರು ಆ ಬಾವಿಗಳ ಮೂಲಕ ಇಳಿದು ನೆರೆಯ ಫ್ಲೆಚರ್ ಎಂಬವರ ಕಲ್ಲಿದ್ದಲು ಗಣಿಯನ್ನು ಮುಳುಗಿಸಿತು. ರೈಲಂಡ್ಸರಿಗೆ ಹಳೆಯ ಬಾವಿಗಳ ವಿಷಯ ತಿಳಿದಿರಲಿಲ್ಲ. ಆದರೂ 1868ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಅವರೇ ಹೊಣೆಯೆಂದು ತೀರ್ಪಿತ್ತಿತು. ಹೊರಬಿದ್ದರೆ ಕೇಡು ಮಾಡಬಲ್ಲ ವಸ್ತುವನ್ನು ತನ್ನ ಲಾಭಕ್ಕಾಗಿ ತಂದಿಟ್ಟುಕೊಂಡವನು ಅದನ್ನು ಹಿಡಿದಿಡುವ ಭಾರವನ್ನೂ ಹೊರಬೇಕು ಎಂಬುದು ಅದರ ಸಾರ. ಈ ತತ್ತ್ವ ಭಾರತದ ನ್ಯಾಯಶಾಸ್ತ್ರವನ್ನೂ ಪ್ರವೇಶಿಸಿತು. ಅಪಾಯಕಾರಿ ಕೈಗಾರಿಕೆಗಳ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಅದಕ್ಕಿಂತಲೂ ಕಟ್ಟುನಿಟ್ಟಾದ ನಿಯಮವನ್ನು ವಿಧಿಸಿತು.

ಆದರೆ ಸ್ನಾನದ ಕೋಣೆಯ ವಿಷಯದಲ್ಲಿ ಕಾನೂನು ಇಷ್ಟು ಕಠಿಣವಾಗಿಲ್ಲ. 1913ರಲ್ಲಿ ಪ್ರಿವಿ ಕೌನ್ಸಿಲ್ ಮುಂದೆ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಒಂದು ಮೊಕದ್ದಮೆ ಬಂದಿತು. ಕಟ್ಟಡವೊಂದರ ನಾಲ್ಕನೆಯ ಮಹಡಿಯ ವಾಷ್‌ಬೇಸಿನ್ನಿನ ತೂತನ್ನು ಯಾರೋ ಕಿಡಿಗೇಡಿಗಳು ಮುಚ್ಚಿ, ನಲ್ಲಿಯನ್ನು ತಿರುಗಿಸಿಟ್ಟು ಹೋಗಿದ್ದರು. ನೀರು ಉಕ್ಕಿ ಹರಿದು ಎರಡನೆಯ ಮಹಡಿಯ ಬಾಡಿಗೆದಾರರ ಸರಕು ಹಾಳಾಯಿತು. ಕಟ್ಟಡದ ಮಾಲೀಕರು ಹೊಣೆಯಲ್ಲವೆಂದು ತೀರ್ಪಾಯಿತು. ಮನೆಗಳಿಗೆ ನೀರಿನ ಕೊಳವೆ ಹಾಕಿಸಿಕೊಳ್ಳುವುದು ಸಾಮಾನ್ಯವಾದ, ಯೋಗ್ಯವಾದ ಬಳಕೆ. ಮಾಲೀಕರ ಅಜಾಗರೂಕತೆ ಇಲ್ಲದಿರುವಾಗ ಅನ್ಯರ ಕಿಡಿಗೇಡಿತನದ ಫಲವನ್ನು ಅವರ ಮೇಲೆ ಹೊರಿಸಲಾಗದು ಎಂಬುದು ಅಲ್ಲಿನ ವಾದ.

ಈ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದಿನನಿತ್ಯದ ನೀರಿನ ಬಳಕೆಯಲ್ಲಿ ಕಾನೂನು ಮುಖ್ಯವಾಗಿ ಕೇಳುವುದು, “ನೀನು ಎಚ್ಚರ ತಪ್ಪಿದೆಯಾ?” ಎಂದು. ಕೆಳಮನೆಯವರು ಬಂದು ಹೇಳುವವರೆಗೆ “ನನಗೆ ತಿಳಿಯದು” ಎಂಬ ಮಾತಿಗೆ ಬೆಲೆಯಿದೆ. ಅವರು ಬಂದು ಹೇಳಿದ ಮೇಲೆ ಆ ಮಾತಿಗೆ ಬೆಲೆಯಿಲ್ಲ. ಕರೆಗಂಟೆ ಬಾರಿಸಿ ನಿಂತ ನೆರೆಯವರು ಬರಿಯ ದೂರನ್ನಲ್ಲ, ಅರಿವನ್ನೂ ತಂದಿರುತ್ತಾರೆ. ಬಹುಶಃ ಅದಕ್ಕಾಗಿಯೇ ನಾವು ಬಾಗಿಲಲ್ಲೇ ನಿಂತು “ನಮ್ಮಲ್ಲೇನೂ ಇಲ್ಲ” ಎಂದು ಅವಸರದಿಂದ ಹೇಳಿಬಿಡುತ್ತೇವೆ. ತಿಳಿದುಕೊಂಡರೆ ಏನಾದರೂ ಮಾಡಬೇಕಾಗುತ್ತದೆ ಎಂಬ ಭಯ ಆ ಅವಸರದ ಹಿಂದಿದೆ.

ತಪ್ಪು ಬೇರೆ, ಹೊಣೆ ಬೇರೆ

ನಮ್ಮ ಗೊಂದಲದ ಮೂಲ ತಪ್ಪು ಮತ್ತು ಹೊಣೆ ಎಂಬ ಎರಡನ್ನು ಒಂದೇ ಎಂದು ಭಾವಿಸುವುದರಲ್ಲಿದೆ. ತಪ್ಪು ಹಿಂದಕ್ಕೆ ನೋಡುತ್ತದೆ. ಯಾರು ಮಾಡಿದರು, ಏಕೆ ಮಾಡಿದರು ಎಂದು ಕೇಳುತ್ತದೆ. ಹೊಣೆ ಮುಂದಕ್ಕೆ ನೋಡುತ್ತದೆ. ಇನ್ನು ಮುಂದೆ ಇದನ್ನು ಯಾರು ತಡೆಯಬಲ್ಲರು ಎಂದು ಕೇಳುತ್ತದೆ. ಮೇಲಿನ ಮನೆಯವರು ತಪ್ಪಿತಸ್ಥರಲ್ಲದಿರಬಹುದು. ಆದರೆ ಆ ನಲ್ಲಿಯನ್ನು ಮುಚ್ಚಬಲ್ಲ ಕೈ, ಆ ಟೈಲ್ಸನ್ನು ತೆಗೆಸಬಲ್ಲ ಅಧಿಕಾರ ಅವರಿಗಲ್ಲದೆ ಬೇರೆ ಯಾರಿಗೂ ಇಲ್ಲ. ಕೆಳಗಿನವರು ಎಷ್ಟೇ ಹಣ ಸುರಿದು ಬಣ್ಣ ಬಳಿಸಿದರೂ ಸೋರಿಕೆ ನಿಲ್ಲುವುದಿಲ್ಲ. ಕೆಡುಕನ್ನು ನಿಲ್ಲಿಸುವ ಶಕ್ತಿ ಯಾರಲ್ಲಿದೆಯೋ ಅವರ ಮೇಲೆ ಅದನ್ನು ನಿಲ್ಲಿಸುವ ಕರ್ತವ್ಯವೂ ಬೀಳುತ್ತದೆ. ಅದಕ್ಕೆ ಅವರು ಅಪರಾಧಿಗಳಾಗಿರಬೇಕಾಗಿಲ್ಲ.

ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಮನೆ ಕಟ್ಟುವವರಿಗಾಗಿ ಒಂದು ಸಣ್ಣ ನಿಯಮವಿದೆ. ಹೊಸ ಮನೆ ಕಟ್ಟಿದವನು ಮಾಳಿಗೆಯ ಸುತ್ತ ಕೈಪಿಡಿ ಗೋಡೆಯನ್ನು ಕಟ್ಟಬೇಕು. ಇಲ್ಲವಾದರೆ ಯಾರಾದರೂ ಬಿದ್ದು ಸತ್ತಲ್ಲಿ ಆ ದೋಷ ಮನೆಗೆ ತಗಲುತ್ತದೆ ಎಂಬುದು ಅದರ ಭಾವ. ಯಾರನ್ನೂ ತಳ್ಳಬೇಡ ಎಂದಷ್ಟೇ ಹೇಳಿ ಆ ನಿಯಮ ಸುಮ್ಮನಾಗಲಿಲ್ಲ. ತಾನಾಗಿ ಜಾರಿ ಬೀಳುವವನ ವಿಷಯದಲ್ಲೂ, ಅವನು ಬೀಳುವುದಕ್ಕೆ ಮುಂಚೆಯೇ, ಮನೆಯ ಒಡೆಯನಿಗೆ ಕರ್ತವ್ಯವಿದೆ ಎಂದಿತು. ಅಂದಿನ ಮಾಳಿಗೆಗೆ ಅನ್ವಯಿಸಿದ ಮಾತು ಇಂದಿನ ಸ್ನಾನದ ಕೋಣೆಯ ನೆಲಕ್ಕೂ ಅನ್ವಯಿಸುತ್ತದೆ.

ಇಲ್ಲಿ ಅಪಾಯವೂ ಸಣ್ಣದಲ್ಲ. ಚಾವಣಿಯ ಕಾಂಕ್ರೀಟಿನೊಳಗೆ ಕಬ್ಬಿಣದ ಸರಳುಗಳಿವೆ. ನೀರು ಅವನ್ನು ಮುಟ್ಟಿದಾಗ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ತೆಗೆದುಕೊಳ್ಳುವುದರಿಂದ ಸರಳು ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ. ಮೊದಲು ಬಿರುಕು, ಆಮೇಲೆ ಉದುರುವ ಚೂರು, ಕೊನೆಗೆ ಕಳಚಿ ಬೀಳುವ ದೊಡ್ಡ ಹೆಂಟೆ. ಅದರ ಕೆಳಗೆ ಒಂದು ಮಗು ಮಲಗಿರಬಹುದು. ಚಾವಣಿಯ ದೀಪದ ವೈರಿಗೆ ನೀರು ಇಳಿದರೆ ವಿದ್ಯುತ್ತಿನ ಅಪಾಯವೂ ಸೇರಿಕೊಳ್ಳುತ್ತದೆ. ಇಂದಿನ ಕಲೆಯನ್ನು ಅಲಕ್ಷಿಸುವವರು ನಾಳೆಯ ಈ ಹೆಂಟೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ. ಮೇಲಿನ ಮನೆಯಲ್ಲಿ ಪಿಂಚಣಿಯಿಂದ ಬದುಕುವ ವೃದ್ಧ ದಂಪತಿ ಇರಬಹುದು. ನೆಲ ಅಗೆಸಿ, ಕೊಳವೆ ಬದಲಿಸಿ, ಮತ್ತೆ ಟೈಲ್ಸ್ ಹಾಕಿಸುವುದು ಅವರಿಗೆ ಹಲವು ತಿಂಗಳ ಆದಾಯದ ಮಾತು. ಈ ಆಕ್ಷೇಪ ನ್ಯಾಯವಾದುದು. ಆದರೆ ಹೊಣೆ ಹೊರುವುದೆಂದರೆ ವೆಚ್ಚವನ್ನೆಲ್ಲ ಒಬ್ಬರೇ ಹೊರುವುದೆಂದು ಅರ್ಥವಲ್ಲ. ಕೊಳವೆ ಇಡೀ ಕಟ್ಟಡಕ್ಕೆ ಸೇರಿದ್ದರೆ ಸಂಘ ಹೊರಬೇಕು. ಬಾಡಿಗೆ ಮನೆಯಾದರೆ ಮಾಲೀಕರು ಹೊರಬೇಕು. ಇಲ್ಲವಾದರೆ ಮಾತಾಡಿ ಹಂಚಿಕೊಳ್ಳಬಹುದು, ಕಂತುಗಳಲ್ಲಿ ಕೊಡಬಹುದು. ಹಣವಿಲ್ಲದವರೂ ಮಾಡಬಹುದಾದ ಮೂರು ಕೆಲಸಗಳಿವೆ: ನಂಬುವುದು, ಹುಡುಕುವುದು, ಮೂಲ ಸಿಗುವವರೆಗೆ ಆ ನಲ್ಲಿಯನ್ನು ಮುಚ್ಚಿಡುವುದು.

ಹುಡುಕುವ ತಾಳ್ಮೆ

ಸೋರಿಕೆಯ ವಿಷಯದಲ್ಲಿ ನಮ್ಮನ್ನು ಮೊದಲು ಕಾಡುವ ಪ್ರಲೋಭನೆ ತೇಪೆ ಹಚ್ಚುವುದು. ಕೆಳಗಿನ ಕಲೆಯ ಮೇಲೆ ಬಿಳಿ ಸಿಮೆಂಟ್ ಬಳಿದು ಬಣ್ಣ ಹಚ್ಚಿದರೆ ಕಲೆ ಕಣ್ಮರೆಯಾಗುತ್ತದೆ, ಸೋರಿಕೆ ಉಳಿಯುತ್ತದೆ. ಇದರಿಂದ ದೋಷದ ಸಾಕ್ಷ್ಯವನ್ನಷ್ಟೇ ಅಳಿಸಿದಂತಾಯಿತು. ಅದಕ್ಕೆ ವಿರುದ್ಧವಾದ ಪ್ರಲೋಭನೆಯೂ ಇದೆ: ಎಲ್ಲಿ ಸೋರುತ್ತಿದೆ ಎಂದು ತಿಳಿಯುವ ಮೊದಲೇ ಕೋಣೆಯನ್ನೆಲ್ಲ ಒಡೆಯುವುದು. ಎರಡಕ್ಕೂ ಕಾರಣ ಹುಡುಕುವ ತಾಳ್ಮೆ ಇಲ್ಲದಿರುವುದೇ.

ಹುಡುಕುವ ಕ್ರಮ ಸರಳವಾಗಿದೆ. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ ನೀರಿನ ಮೀಟರಿನ ಅಂಕಿಯನ್ನು ಬರೆದಿಡಬೇಕು; ಒಂದೆರಡು ಗಂಟೆ ಯಾರೂ ನೀರು ಬಳಸದೆ ಇದ್ದು ಮತ್ತೆ ನೋಡಬೇಕು. ಮನೆಗೆ ಬೇರೆ ಮೀಟರ್ ಇಲ್ಲದಿದ್ದರೆ ತೊಟ್ಟಿಯ ನೀರಿನ ಮಟ್ಟವನ್ನು ಗುರುತಿಸಿಟ್ಟರೂ ಸಾಕು. ತೊಟ್ಟಿ ಹಲವು ಮನೆಗಳಿಗೆ ಸೇರಿದ್ದಾದರೆ ಎಲ್ಲರೂ ಒಪ್ಪಿ ನಲ್ಲಿ ಮುಚ್ಚಬೇಕು. ಬಳಕೆಯಿಲ್ಲದಿದ್ದರೂ ನೀರು ಇಳಿದಿದ್ದರೆ, ಸದಾ ಒತ್ತಡದಲ್ಲಿರುವ ಸರಬರಾಜು ಕೊಳವೆಯಲ್ಲೇ ದೋಷವಿರಬಹುದು. ಇಳಿಯದಿದ್ದರೆ, ಮೀಯುವಾಗ ಮಾತ್ರ ನೀರು ಹರಿಯುವ ಕಡೆಗಳನ್ನು ಪರೀಕ್ಷಿಸಬೇಕು.

ಬಾತ್‌ಟಬ್ ಇರುವ ಮನೆಯಲ್ಲಿ ಮೊದಲು ಟಬ್ಬಿನ ಬಿರಡೆ ಹಾಕಿ ನೀರು ತುಂಬಿ ಹಾಗೆಯೇ ಬಿಡಬೇಕು. ಕೆಳಗೆ ಹನಿ ಕಾಣದಿದ್ದರೆ ಬಿರಡೆ ತೆಗೆಯಬೇಕು. ಆಗ ಸೋರಿದರೆ ದೋಷ ನೀರು ಹೊರಹೋಗುವ ಕೊಳವೆಯದು. ಆಗಲೂ ಸೋರದಿದ್ದರೆ ಷವರಿನ ನೀರು ಗೋಡೆಗೆ ತಾಗದಂತೆ ನೇರವಾಗಿ ಕೆಳಗೆ ಬಿಡಬೇಕು. ಆಗ ಸೋರಿದರೆ ಮಿಕ್ಸರಿನಿಂದ ಷವರಿಗೆ ಏರುವ ಕೊಳವೆಯನ್ನು ಶಂಕಿಸಬೇಕು. ಕೊನೆಗೆ ಗೋಡೆಗೂ ಟಬ್ಬಿನ ಅಂಚಿಗೂ ನೀರು ಹಾಯಿಸಬೇಕು. ಆಗ ಮಾತ್ರ ಸೋರಿದರೆ ಟೈಲ್ಸಿನ ಸಂದುಗಳೋ ಅಂಚಿನ ಸಿಲಿಕೋನೋ ಬಿಟ್ಟಿದೆ ಎಂದು ತಿಳಿಯಬಹುದು. ಟಬ್ ಇಲ್ಲದ ಕೋಣೆಯಲ್ಲಿ ನಹಾನಿ ಟ್ರ್ಯಾಪಿಗೆ ಬಟ್ಟೆ ತುರುಕಿ, ನೆಲದ ಮೇಲೆ ನೀರು ನಿಲ್ಲಿಸಿ ನೋಡಬಹುದು. ಒಂದು ಪರೀಕ್ಷೆಗೂ ಮತ್ತೊಂದಕ್ಕೂ ನಡುವೆ ಸಾಕಷ್ಟು ಸಮಯ ಬಿಡಬೇಕು. ಕಾಂಕ್ರೀಟಿನೊಳಗೆ ನೀರು ಬಹಳ ನಿಧಾನವಾಗಿ ನಡೆಯುತ್ತದೆ.

ಈ ಪರೀಕ್ಷೆಗಳನ್ನು ಒಂದು ಮನೆಯವರು ತಾವೇ ಮಾಡಲಾಗದು. ಮೇಲೆ ಒಬ್ಬರು ನಲ್ಲಿ ತಿರುಗಿಸಬೇಕು, ಕೆಳಗೆ ಒಬ್ಬರು ಚಾವಣಿಯನ್ನು ನೋಡುತ್ತಿರಬೇಕು. ಜಗಳವಾಡಿ ಬಾಗಿಲು ಮುಚ್ಚಿಕೊಂಡ ಎರಡು ಮನೆಗಳ ನಡುವೆ ಸೋರಿಕೆಯ ಮೂಲ ಎಂದಿಗೂ ಸಿಗುವುದಿಲ್ಲ. ಸತ್ಯವನ್ನು ಕಂಡುಕೊಳ್ಳಲು ಮೊದಲು ಸಂಬಂಧವನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ.

ಕೆಲವು ದೋಷಗಳನ್ನು ನಮ್ಮ ಕೈಯಿಂದಲೇ ನಿವಾರಿಸಬಹುದು. ಹಳೆಯ ಬಗೆಯ ನಲ್ಲಿ ತೊಟ್ಟಿಕ್ಕುತ್ತಿದ್ದರೆ ವಾಷರ್ ಬದಲಿಸಿದರೆ ಸಾಕಾಗಬಹುದು. ಷವರಿಗೆ ತಿರುಗಿಸಿದ ಮೇಲೂ ಕೆಳಗಿನ ನಲ್ಲಿಯಿಂದ ನೀರು ಬರುತ್ತಿದ್ದರೆ ಡೈವರ್ಟರ್ ಸವೆದಿರುತ್ತದೆ. ಟಬ್ಬಿನ ಅಂಚಿಗೆ ಸಿಲಿಕೋನ್ ಹಚ್ಚುವಾಗ ಹಳೆಯದನ್ನು ಪೂರ್ತಿ ಕೆರೆದು, ಜಾಗವನ್ನು ಒಣಗಿಸಿ, ಟಬ್ಬಿಗೆ ನೀರು ತುಂಬಿಕೊಂಡೇ ಹಚ್ಚಬೇಕು. ಸುಮಾರು 150 ಲೀಟರ್ ನೀರು ಎಂದರೆ 150 ಕಿಲೋ ತೂಕ. ಆ ಭಾರಕ್ಕೆ ಟಬ್ ತುಸು ಕುಸಿದು ಸಂದು ಅಗಲವಾಗುತ್ತದೆ. ಖಾಲಿ ಟಬ್ಬಿಗೆ ಹಚ್ಚಿದ ಸಿಲಿಕೋನ್ ಮೊದಲ ಸ್ನಾನದಲ್ಲೇ ಬಿರಿಯಬಹುದು. ಏನನ್ನು ಬಿಚ್ಚುವ ಮೊದಲೂ ನೀರಿನ ವಾಲ್ವನ್ನೂ ಗೀಸರಿನ ವಿದ್ಯುತ್ತನ್ನೂ ನಿಲ್ಲಿಸಬೇಕು. ಗೋಡೆಯೊಳಗಿನ ಕೊಳವೆ, ನೆಲದಡಿಯ ಟ್ರ್ಯಾಪ್, ಗೀಸರಿನ ವೈರಿಂಗ್ ಇವುಗಳಿಗೆ ಬಲ್ಲವರನ್ನೇ ಕರೆಯಬೇಕು. ಎಲ್ಲಿಯವರೆಗೆ ತನ್ನ ಕೈ ಸಾಕು ಎಂದು ತಿಳಿದಿರುವುದೂ ಹೊಣೆಯ ಒಂದು ಭಾಗವೇ.

ಮುಚ್ಚಿಹೋಗುವ ಕೆಲಸ

ಕೊಳಾಯಿ ಕೆಲಸದವರ ಕಾಯಕದಲ್ಲಿ ಒಂದು ವಿಶೇಷವಿದೆ. ಬಡಗಿಯ ಕೆಲಸ, ಬಣ್ಣದವರ ಕೆಲಸ ಎಲ್ಲರ ಕಣ್ಣಿಗೆ ಬೀಳುತ್ತದೆ. ಕೊಳಾಯಿ ಕೆಲಸದವರು ಜೋಡಿಸಿದ ಮುಖ್ಯ ಭಾಗಗಳು ಅಂದೇ ಗೋಡೆಯೊಳಗೆ ಮುಚ್ಚಿಹೋಗುತ್ತವೆ. ಆಮೇಲೆ ಅವರ ಪ್ರಾಮಾಣಿಕತೆಗೆ ಸಾಕ್ಷಿಯಿಲ್ಲ. ಎಳೆಗೆ ಟೆಫ್ಲಾನ್ ಟೇಪನ್ನು ಸರಿಯಾಗಿ ಸುತ್ತಿದರೇ, ಅಂಟು ಗಟ್ಟಿಯಾಗುವವರೆಗೆ ಕಾದರೇ ಎಂಬುದು ಅವರಿಗೂ ಅವರ ಮನಸ್ಸಾಕ್ಷಿಗೂ ಮಾತ್ರ ಗೊತ್ತು.

ಆ ಪ್ರಾಮಾಣಿಕತೆಗೆ ಅವಕಾಶ ಕೊಡುವವರು ಅಥವಾ ಅದನ್ನು ಕಸಿಯುವವರು ನಾವೇ. ಕೂಲಿಯಲ್ಲಿ ಚೌಕಾಸಿ ಮಾಡಿ, “ಸಂಜೆಯೊಳಗೆ ಮುಗಿಸಿಬಿಡಿ, ನಾಳೆ ಟೈಲ್ಸಿನವರು ಬರ್ತಾರೆ” ಎಂದು ಅವಸರಪಡಿಸಿ, ಅಗ್ಗದ ಸಾಮಾನು ತಂದುಕೊಟ್ಟು, ಆಮೇಲೆ ಸೋರಿದಾಗ “ಇಂದಿನ ಕೆಲಸಗಾರರಿಗೆ ನಿಯತ್ತಿಲ್ಲ” ಎನ್ನುವುದು ನ್ಯಾಯವಲ್ಲ. ಗೋಡೆ ಮುಚ್ಚುವ ಮೊದಲು ಕೊಳವೆಗಳಿಗೆ ಒತ್ತಡದಲ್ಲಿ ನೀರು ತುಂಬಿ, ಕೀಲುಗಳು ಹಿಡಿದಿವೆಯೇ ಎಂದು ನೋಡಲು ಸಮಯ ಬೇಕು. ಆ ಸಮಯದ ಕೂಲಿಯನ್ನು ಮನಃಪೂರ್ವಕವಾಗಿ ಕೊಡಬೇಕು. ಮುಂದೆ ನಮ್ಮ ಕೆಳಗೆ ಯಾರು ವಾಸಿಸುವರೋ ಅವರ ಚಾವಣಿಗೆ ನಾವು ಅಂದು ಕೊಡುವ ರಕ್ಷಣೆ ಅದು.

ಕೆಳಗಿರುವವರು

ಕೆಳಮನೆಯವರಿಗೂ ಒಂದು ಕರ್ತವ್ಯವಿದೆ. ಕಲೆ ಸಣ್ಣದಾಗಿರುವಾಗಲೇ ಬಂದು ಹೇಳಬೇಕು. ಆರು ತಿಂಗಳು ಮನಸ್ಸಿನಲ್ಲಿ ಸಿಟ್ಟನ್ನು ಕೂಡಿಟ್ಟು, ಸಂಘದ ಸಭೆಯಲ್ಲಿ ಎಲ್ಲರೆದುರು ಸ್ಫೋಟಿಸಬಾರದು. ದೋಷವನ್ನು ತೋರಿಸುವಾಗ ದೂಷಣೆ ಬೆರೆಸದಿದ್ದರೆ ಮೇಲಿನವರಿಗೆ ನಂಬುವುದು ಸುಲಭವಾಗುತ್ತದೆ.

ಆದರೆ ಕೆಳಗಿರುವವರೆಲ್ಲರೂ ಬಂದು ಕರೆಗಂಟೆ ಬಾರಿಸಲಾರರು. ಬೆಂಗಳೂರಿನಂತಹ ನಗರಕ್ಕೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯ ಕಡೆಯಿಂದ, ಅಪಾರ ವಿದ್ಯುತ್ತಿನ ಬಲದಿಂದ ಮೇಲೇರಿ ಬರುತ್ತದೆ. 2024ರ ಬೇಸಿಗೆಯಲ್ಲಿ ಆ ನಗರ ನೀರಿಗಾಗಿ ಪರದಾಡಿದಾಗ, ಕುಡಿಯುವ ನೀರಿನಿಂದ ವಾಹನ ತೊಳೆಯುವವರಿಗೂ ಕೈತೋಟಕ್ಕೆ ಹಾಯಿಸುವವರಿಗೂ ಜಲಮಂಡಳಿಯು 5,000 ರೂಪಾಯಿ ದಂಡ ವಿಧಿಸುವುದಾಗಿ ಮಾರ್ಚ್ ತಿಂಗಳಲ್ಲಿ ಆದೇಶಿಸಿತು. ಬೀದಿಯಲ್ಲಿ ಕಾರು ತೊಳೆಯುವುದು ಎಲ್ಲರಿಗೂ ಕಾಣುತ್ತದೆ. ಗೋಡೆಯೊಳಗೆ ಸೋರುವುದು ಯಾರಿಗೂ ಕಾಣುವುದಿಲ್ಲ. ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕುವ ನಲ್ಲಿ ದಿನಕ್ಕೆ 86,400 ಹನಿಗಳನ್ನು ಕಳೆಯುತ್ತದೆ. ಔಷಧದ ಲೆಕ್ಕದಂತೆ 20 ಹನಿಗೆ ಒಂದು ಮಿಲಿಲೀಟರ್ ಎಂದುಕೊಂಡರೂ ದಿನಕ್ಕೆ ನಾಲ್ಕು ಲೀಟರಿಗಿಂತ ಹೆಚ್ಚು, ವರ್ಷಕ್ಕೆ 1,500 ಲೀಟರಿಗೂ ಮಿಗಿಲು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಗ್ರಾಮೀಣರಿಗೆ ಗೊತ್ತುಪಡಿಸಿದ ಗುರಿ ತಲೆಗೆ ದಿನಕ್ಕೆ 55 ಲೀಟರ್. ನಾವು ಒಮ್ಮೆ ತುಂಬಿಸುವ ಬಾತ್‌ಟಬ್ ಅಂತಹ ಸುಮಾರು ಮೂವರ ಒಂದು ದಿನದ ನೀರು. ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ನಿಂತ ತಾಯಿ ನಮ್ಮ ಮನೆಯ ಬಾಗಿಲಿಗೆ ಬಂದು ದೂರುವುದಿಲ್ಲ. ಆಕೆಯೂ ನಮ್ಮ ನೆರೆಯವಳೇ.

ಸ್ನಾನದ ಕೋಣೆ ಮನೆಯಲ್ಲಿ ಅತ್ಯಂತ ಖಾಸಗಿಯಾದ ಜಾಗ. ಅಲ್ಲಿ ನಾವು ಒಬ್ಬರೇ ಇರುತ್ತೇವೆ, ಚಿಲಕ ಹಾಕಿಕೊಂಡಿರುತ್ತೇವೆ. ಆದರೆ ಅಲ್ಲಿ ಹರಿಯುವ ನೀರಿಗೆ ನಮ್ಮ ಚಿಲಕದ ಕಟ್ಟಿಲ್ಲ. ಪರರನ್ನು ಮುಟ್ಟದ ಬದುಕು ನಮ್ಮದೆಂಬ ಭ್ರಮೆಯನ್ನು ಅದು ಮೌನವಾಗಿ ತೊಳೆದುಹಾಕುತ್ತದೆ. ಓದುಗ ಬಂಧುಗಳೇ, ಈ ರಾತ್ರಿ ಮಲಗುವ ಮುನ್ನ ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ ಮೀಟರನ್ನೊಮ್ಮೆ ನೋಡಿರಿ. ನಾಳೆ ಬಿಡುವಾದಾಗ ಮೆಟ್ಟಿಲಿಳಿದು ಹೋಗಿ, ಕೆಳಮನೆಯವರು ದೂರು ತರುವ ಮೊದಲೇ, “ನಮ್ಮ ಕಡೆಯಿಂದ ನಿಮಗೆ ಏನಾದರೂ ತೊಂದರೆಯಾಗುತ್ತಿದೆಯೇ?” ಎಂದು ಕೇಳಿರಿ. ಅವರು “ಇಲ್ಲ” ಎಂದರೆ ನೆಮ್ಮದಿಯಿಂದ ಮರಳಬಹುದು. “ಹೌದು” ಎಂದರೆ ಅಂದಿನಿಂದಲೇ ಕೆಲಸ ಆರಂಭವಾಗಲಿ.